ಗೆದ್ದವರು ಕಳಿಸಿದ ಹಾಲು

ನಾನು ಹೊಟ್ಟೆಪಾಡಿಗೆ ಮಾಡುವುದು ದುಭಾಷಿ ಕೆಲಸ. ಜಪಾನಿ ಭಾಷೆ ಕಲಿತವರಿಗೆ ಪುಣೆಯಲ್ಲಿ ಬರವಿಲ್ಲ, ಹಾಗಾಗಿ ಹೇಳಿಕೊಂಡು ಮೆರೆಯುವಂಥದ್ದೇನೂ ಇದರಲ್ಲಿಲ್ಲ. ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಿಗೆ ಅಲ್ಲಿಂದ ಇಂಜಿನಿಯರುಗಳು ಬರುತ್ತಾರೆ. ಅವರು ಅಂದದ್ದನ್ನು ಇವರಿಗೆ, ಇವರು ಅಂದದ್ದನ್ನು ಅವರಿಗೆ ಹೇಳುತ್ತ ಮಷಿನುಗಳ ನಡುವೆ ಓಡಾಡುತ್ತೇನೆ. ಕೂಡಿಸುವುದಿಲ್ಲ, ಕಳೆಯುವುದಿಲ್ಲ, ಅದೇ ಈ ಕೆಲಸದ ಮರ್ಯಾದೆ. ಆ ಮರ್ಯಾದೆಯನ್ನು ನಾನು ಒಮ್ಮೆ ಮುರಿದೆ. ಏಳೆಂಟು ವರ್ಷದ ಹಿಂದಿನ ಮಾತು, ನೆನೆಸಿಕೊಂಡರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಅದು ಚಿಂಚವಾಡದ ಆಚೆ, ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆ. ಅದರ ಎದುರಿಗೇ, ರಸ್ತೆಯ ಆ ಕಡೆ, ಅದೇ ಮಾಲು ಮಾಡುವ ಇನ್ನೊಂದು ಸಣ್ಣ ಕಾರ್ಖಾನೆ ಇತ್ತು. ದೊಡ್ಡದು ನಾಲ್ಕು ವರ್ಷ ದರ ಇಳಿಸಿ ಇಳಿಸಿ ಸಣ್ಣದರ ಗಿರಾಕಿಗಳನ್ನೆಲ್ಲ ಸೆಳೆದುಕೊಂಡಿತು. ಸಣ್ಣದು ಬಾಗಿಲು ಹಾಕಿತು. ಬಾಗಿಲು ಹಾಕಿದ ಮೇಲೆ ದೊಡ್ಡದೇ ಅದನ್ನು ಕೊಂಡುಕೊಂಡಿತು. ಅರ್ಧ ಕೆಲಸಗಾರರನ್ನು ಉಳಿಸಿಕೊಂಡು, ಮಷಿನುಗಳನ್ನು ರಿಪೇರಿ ಮಾಡಿಸಿ, ಮತ್ತೆ ಚಾಲೂ ಮಾಡುವುದೆಂದು ತೀರ್ಮಾನವಾಯಿತು. ಆ ಕೆಲಸ ನೋಡಿಕೊಳ್ಳಲು ಜಪಾನಿನಿಂದ ಒಬ್ಬ ಹಿರಿಯರು ಬಂದರು. ಎಪ್ಪತ್ತು ದಾಟಿದ್ದರು. ನೌಕರಿಯಿಂದ ಎಂದೋ ನಿವೃತ್ತರಾಗಿ ಸಲಹೆಗಾರರಾಗಿದ್ದವರು. ಸಣ್ಣ ಆಳು, ಕೈ ಮಾತ್ರ ದೊಡ್ಡವು. ಮಷಿನಿಗೆ ಕಿವಿಯಿಟ್ಟು ಬೇರಿಂಗು ಹೋಗಿದೆಯೋ ಇಲ್ಲವೋ ಹೇಳುತ್ತಿದ್ದರು. ಮೂರು ವಾರ ಅವರ ಪಕ್ಕದಲ್ಲಿರುವುದು ನನ್ನ ಕೆಲಸ.

ಮೊದಲ ವಾರದಲ್ಲೇ ಕಾರ್ಖಾನೆಯ ಮ್ಯಾನೇಜರು ಅವರಿಗೊಂದು ಊಟ ಇಟ್ಟುಕೊಂಡರು. ಹೊರಗೆಲ್ಲೋ ಅಲ್ಲ, ಕ್ಯಾಂಟೀನಿನಲ್ಲೇ, ಒಂದು ಉದ್ದ ಮೇಜಿಗೆ ಬಿಳಿ ಬಟ್ಟೆ ಹಾಸಿ. ಆಚೆ ತುದಿಯ ಬೆಂಚುಗಳಲ್ಲಿ ಸೋತ ಕಾರ್ಖಾನೆಯಿಂದ ಬಂದ ಕೆಲಸಗಾರರು ಕೂತಿದ್ದರು. ಹಿಂದಿನ ದಿನವಷ್ಟೇ ಅವರಿಗೆ ಹೊಸ ಅಂಗಿ ಹಂಚಿದ್ದರು. ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು. ಮ್ಯಾನೇಜರು ಅವರ ಕಡೆ ಕೈ ತೋರಿಸಿ ನನಗೆ ಹೇಳಿದರು: "ಮ್ಯಾಡಮ್, ಸಾಹೇಬರಿಗೆ ಹೇಳಿ, ನಾವೂ ಅಮೆರಿಕದ ಹಾಗೇ ಮಾಡಿದ್ದೇವೆ. ಯುದ್ಧದಲ್ಲಿ ಜಪಾನನ್ನು ಸೋಲಿಸಿದರು, ಆಮೇಲೆ ತಾವೇ ಕಟ್ಟಿಕೊಟ್ಟರು. ನಾವು ಅಲ್ಲಿ ಕೂತವರನ್ನು ಸೋಲಿಸಿದೆವು, ಈಗ ನಾವೇ ಕಟ್ಟುತ್ತಿದ್ದೇವೆ. ಗೆದ್ದವರು ಯಾಕೆ ಹಾಗೆ ಮಾಡುತ್ತಾರೆ ಅಂತ ಸಾಹೇಬರ ಬಾಯಿಂದಲೇ ಕೇಳೋಣ. ಇವರು ಸ್ವತಃ ಅನುಭವಿಸಿದವರು."

ನಾನು ಹೇಳಿದೆ. ಹಿರಿಯರು ಚಮಚ ಕೆಳಗಿಟ್ಟರು. ಆಮೇಲೆ ಮಾತಾಡತೊಡಗಿದರು, ನಿಲ್ಲಿಸದೆ, ದನಿ ಏರಿಸದೆ.

ಅವರು ಹುಟ್ಟಿ ಕೆಲವೇ ತಿಂಗಳಾಗಿದ್ದಾಗ ಅವರ ಊರಿನ ಮೇಲೆ ವಿಮಾನಗಳು ಬೆಂಕಿ ಸುರಿದವಂತೆ. ತಾಯಿ ಇವರನ್ನು ಬೆನ್ನಿಗೆ ಕಟ್ಟಿಕೊಂಡು, ಐದು ವರ್ಷದ ಅಕ್ಕನ ಕೈ ಹಿಡಿದು ಓಡಿದಳಂತೆ. ಸೇತುವೆಯ ಹತ್ತಿರ ಜನರ ನುಗ್ಗಾಟದಲ್ಲಿ ಅಕ್ಕನ ಕೈ ತಪ್ಪಿತು. ಆಮೇಲೆ ಸಿಗಲೇ ಇಲ್ಲ. ಶಾಲೆಗೆ ಹೋಗುವ ವಯಸ್ಸಾದಾಗ ಮಧ್ಯಾಹ್ನದ ಊಟಕ್ಕೆ ಅಮೆರಿಕದಿಂದ ಬಂದ ಹಾಲಿನ ಪುಡಿಯನ್ನು ನೀರಿಗೆ ಹಾಕಿ ಕೊಡುತ್ತಿದ್ದರು. ಕೆನೆ ತೆಗೆದ ಹಾಲು, ಕಮಟು ವಾಸನೆ. ಇವರು ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದರು. ಒಮ್ಮೆ ವಾಂತಿ ಮಾಡಿಕೊಂಡು, ಇನ್ನು ಕುಡಿಯುವುದಿಲ್ಲ ಅಂತ ಮನೆಯಲ್ಲಿ ಹಟ ಮಾಡಿದಾಗ ತಾಯಿ ಹೇಳಿದಳಂತೆ: "ಬೆಂಕಿ ಹಾಕಿದವರೂ ಅವರೇ, ಹಾಲು ಕೊಟ್ಟವರೂ ಅವರೇ. ಬೆಂಕಿ ಬೇಡ ಅನ್ನಲು ನಮ್ಮಿಂದ ಆಗಲಿಲ್ಲ. ಹಾಲನ್ನಾದರೂ ಬಿಡಬೇಡ, ಕುಡಿ."

"ನೀವು ಯಾಕೆ ಅಂತ ಕೇಳಿದಿರಿ," ಅಂತ ಹಿರಿಯರು ಮುಂದುವರಿಸಿದರು. "ನನಗೆ ಗೊತ್ತಿರುವುದಿಷ್ಟು. ಮೊದಲು ನಮ್ಮ ಆಯುಧ ಕಿತ್ತುಕೊಂಡರು, ನಮ್ಮ ದೇಶದ ಕಾನೂನನ್ನು ತಾವು ಕೂತು ಬರೆದರು, ಆಮೇಲೆ ಕೊಟ್ಟರು. ಹಸಿದ ದೇಶ ತಮ್ಮನ್ನು ಬಿಟ್ಟು ಕಮ್ಯುನಿಸ್ಟರ ಕಡೆ ಹೋದೀತೆಂದು ಹೆದರಿ ಕೊಟ್ಟರು. ಪಕ್ಕದ ದೇಶದಲ್ಲಿ ಅವರಿಗೆ ಇನ್ನೊಂದು ಯುದ್ಧ ಹತ್ತಿಕೊಂಡಾಗ ಅವರ ಲಾರಿಗಳನ್ನು ರಿಪೇರಿ ಮಾಡುವವರು ಬೇಕಾಯಿತು, ನನ್ನ ತಂದೆಗೆ ಕೆಲಸ ಸಿಕ್ಕಿತು. ಕೆಲವರು ನಿಜವಾಗಿ ಮರುಕದಿಂದಲೂ ಕೊಟ್ಟರು, ಅಂಥವರನ್ನು ನಾನು ಕಂಡಿದ್ದೇನೆ. ನನ್ನ ಎಲುಬು ಬೆಳೆದದ್ದು ಆ ಹಾಲಿನಿಂದಲೇ. ಆದರೆ ಆ ಹಾಲನ್ನು ಕೊಟ್ಟವರೇ ಎದುರಿಗೆ ಕೂತು, ರುಚಿಯಾಗಿತ್ತಾ ಅಂತ ಕೇಳಬಾರದು. ಅಲ್ಲಿ ಕೂತವರ ಮುಂದೆ ಇದನ್ನು ನನ್ನ ಬಾಯಿಂದ ಹೇಳಿಸಲು ನೋಡುತ್ತಿದ್ದೀರಲ್ಲ, ಅದು ನನಗೆ ಇಷ್ಟವಾಗಲಿಲ್ಲ."

ಮೇಜಿನ ಸುತ್ತ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಮ್ಯಾನೇಜರು ಆಗಲೇ ಅರ್ಧ ನಕ್ಕಿದ್ದರು. ಅವರು ನನ್ನ ಕಡೆ ಬಾಗಿ, "ಹಂ, ಮ್ಯಾಡಮ್?" ಅಂದರು. ಆ ಕಾರ್ಖಾನೆಯಲ್ಲಿ ನನಗೆ ಇನ್ನೂ ಎರಡು ವಾರದ ಕೆಲಸ ಇತ್ತು, ಮುಂದೆಯೂ ಕರೆಯುವವರಿದ್ದರು.

ನಾನು ಹಿಂದಿಯಲ್ಲಿ ಅಂದೆ: "ಬಹಳ ಕೃತಜ್ಞರಂತೆ. ಚಿಕ್ಕಂದಿನಲ್ಲಿ ಅಮೆರಿಕದವರು ಕಳಿಸಿದ ಹಾಲು ಕುಡಿದೇ ಬೆಳೆದರಂತೆ."

ಚಪ್ಪಾಳೆ ಬಿತ್ತು. ಮ್ಯಾನೇಜರು ಎದ್ದು ಬಂದು ಹಿರಿಯರ ಕೈ ಕುಲುಕಿ ಫೋಟೋ ತೆಗೆಸಿಕೊಂಡರು. ಆ ಫೋಟೋದ ಅಂಚಿನಲ್ಲಿ ನಾನೂ ಇದ್ದೇನೆ, ನಗುತ್ತಿದ್ದೇನೆ.

ಸಂಜೆ ಅವರನ್ನು ಹೋಟೆಲಿಗೆ ಬಿಡಲು ಕಂಪನಿಯ ಕಾರಿನಲ್ಲಿ ಹೊರಟೆವು. ಟ್ರಾಫಿಕ್ಕಿನಲ್ಲಿ ಗಾಡಿ ಇರುವೆಯಂತೆ ಹರಿಯುತ್ತಿತ್ತು. ಹಿರಿಯರು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು: "ನಾನು ಅಷ್ಟು ಹೊತ್ತು ಮಾತಾಡಿದೆ. ನೀವು ಎರಡೇ ವಾಕ್ಯದಲ್ಲಿ ಮುಗಿಸಿದಿರಿ. ಹಿಂದಿ ಅಷ್ಟು ಚಿಕ್ಕ ಭಾಷೆಯೇ?"

ನಾನು ಕ್ಷಮೆ ಕೇಳಿದೆ. ಮ್ಯಾನೇಜರಿಗೆ ಬೇಸರವಾದೀತು ಅಂತ ಹಾಗೆ ಮಾಡಿದೆ ಅಂದೆ.

"ಅವರಿಗೆ ಬೇಸರವಾಗಲಿ ಅಂತಲೇ ನಾನು ಹೇಳಿದ್ದು," ಅಂದರು. ಸ್ವಲ್ಪ ದೂರ ಹೋದ ಮೇಲೆ ನನ್ನ ಕಡೆ ತಿರುಗಿ ಹೇಳಿದರು: "ನೀವು ಯಾರಿಂದಲೋ ಏನೋ ತೆಗೆದುಕೊಂಡವರ ಹಾಗೆ ಕಾಣುತ್ತೀರಿ. ಬಹಳ ಬೇಗ ಕೃತಜ್ಞತೆ ಅನ್ನುವ ಮಾತು ನಿಮ್ಮ ಬಾಯಿಗೆ ಬಂತು."

ನನಗೆ ಸಿಟ್ಟು ಬಂತು. ಮೂರು ದಿನದ ಪರಿಚಯದ ಪರದೇಶದ ಮುದುಕ ನನ್ನ ಮನೆಯ ಬಾಗಿಲು ಒದ್ದು ಒಳಗೆ ಬಂದಂತಾಯಿತು. ಆದರೆ ಅವರ ಮಾತು ಸುಳ್ಳಾಗಿರಲಿಲ್ಲ.

ನಮ್ಮದು ಬಾಗಲಕೋಟೆ ಕಡೆಯ ಮನೆತನ. ನನ್ನ ಅಜ್ಜ ಪುಣೆಗೆ ಬಂದು ರವಿವಾರ ಪೇಠೆಯಲ್ಲಿ ಇಳಕಲ್ ಸೀರೆ, ಕುಪ್ಪಸದ ಖಣದ ಅಂಗಡಿ ಹಾಕಿದ. ಅಜ್ಜ ಹೋದ ಮೇಲೆ ಅಪ್ಪ ಅದನ್ನು ಇಪ್ಪತ್ತು ವರ್ಷ ನಡೆಸಿದ. ಅಪ್ಪನಿಗೊಬ್ಬನೇ ತಮ್ಮ, ನನ್ನ ಕಾಕಾ. ಮೊದಲು ಬೇರೆ ವ್ಯಾಪಾರ ಮಾಡಿಕೊಂಡಿದ್ದ, ಅದು ಕೈಹತ್ತಲಿಲ್ಲ. ಅಜ್ಜ ಅಂಗಡಿಯನ್ನು ತನ್ನ ಹೆಸರಿಗೆ ಬರೆದಿದ್ದಾನೆ ಅಂತ ಒಂದು ಕಾಗದ ಹಿಡಿದು ಬಂದ. ಹನ್ನೊಂದು ವರ್ಷ ಕೋರ್ಟಿನಲ್ಲಿ ನಡೆಯಿತು, ಕಾಕಾ ಗೆದ್ದ. ನಾನಾಗ ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ಅಪ್ಪ ಅಂಗಡಿಯ ಕೀಲಿ ಕೊಟ್ಟು ಬಂದು, ಶುಕ್ರವಾರ ಪೇಠೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದು ನೆನಪಿದೆ. ಅವ್ವ ನಾಲ್ಕೈದು ತಿಂಗಳು ಯಾರಿಗೂ ಮುಖ ತೋರಿಸಲಿಲ್ಲ.

ಆಮೇಲೆ ಒಂದು ದಿನ ಬೆಳಿಗ್ಗೆ ಕಾಕಾನ ಮನೆಯಿಂದ ಜೋಳದ ಚೀಲ ಬಂತು. ಅದರ ಹಿಂದೆಯೇ ಕಾಕಾ ಬಂದ. ಅಪ್ಪನ ಕಾಲು ಮುಟ್ಟಿ, "ಅಣ್ಣಾ, ಆದದ್ದಾತು. ನಾಳಿಂದ ಅಂಗಡಿಗೆ ಬಂದು ಕೂಡು," ಅಂದ. ಅಪ್ಪ ಹೋದ. ಅವತ್ತಿನಿಂದ ಅದೇ ಅಂಗಡಿಯಲ್ಲಿ, ತಾನು ಮಾಲೀಕನಾಗಿ ಕೂತಿದ್ದ ಗಾದಿಯ ಮೇಲೆ, ಅಪ್ಪ ಸೀರೆ ಬಿಚ್ಚಿ ತೋರಿಸುವ ಕೆಲಸ ಮಾಡುತ್ತಾನೆ. ಕಾಕಾ ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವ್ವನ ಕಣ್ಣಿನ ಆಪರೇಷನ್ ಮಾಡಿಸಿದ. ನಾನು ಜಪಾನಿ ಕಲಿಯುತ್ತೇನೆ ಅಂದಾಗ ತಾನೇ ಬಂದು ಫೀ ಕಟ್ಟಿ ಕ್ಲಾಸಿಗೆ ಸೇರಿಸಿದ. ನಮ್ಮ ನೆಂಟರು, ಪರಿಚಯದವರು ಎಲ್ಲರ ಬಾಯಲ್ಲೂ ಒಂದೇ ಮಾತು: ಎಂಥಾ ದೊಡ್ಡ ಮನಸ್ಸು. ನಾನೂ ಹಾಗೇ ಅಂದುಕೊಂಡಿದ್ದೆ. ಪ್ರತಿ ದೀಪಾವಳಿಗೆ ಕಾಕಾನ ಕಾಲು ಮುಟ್ಟುವಾಗ ನನ್ನ ಕಣ್ಣು ತುಂಬುತ್ತಿತ್ತು.

ಮರುದಿನ ಬೆಳಿಗ್ಗೆ ಅಪ್ಪ ಚಹಾ ಕುಡಿಯುತ್ತ ಕೂತಿದ್ದಾಗ ಕೇಳಿದೆ: "ಅಪ್ಪಾ, ಕಾಕಾ ಗೆದ್ದ ಮ್ಯಾಲೆ ನಿನ್ನ ಯಾಕ ಕರದ?"

"ಈಗ್ಯಾಕ ಆ ಮಾತು?"

"ಸುಮ್ನ ಕೇಳಿದೆ. ಹೇಳು."

ಅಪ್ಪ ಬಟ್ಟಲಿನ ತಳ ನೋಡಿದ. "ಅಂವ ಕರ್ಯೂಕಿಂತ ಮೊದಲು ಅವನ ವಕೀಲ ಬಂದಿದ್ದ. ಮ್ಯಾಲಿನ ಕೋರ್ಟಿಗೆ ಅಪೀಲು ಹಾಕಿದ್ನಲ್ಲ ನಾನು, ಅದನ್ನ ವಾಪಸ್ ತಗೊಂಡೀನಿ ಅಂತ ಕಾಗದ ತಂದಿದ್ದ. ಸಹಿ ಮಾಡಿದೆ. ಮರುದಿನ ಮುಂಜಾನೆ ಜ್ವಾಳದ ಚೀಲ ಬಂತು."

ನನಗೆ ಅದು ಗೊತ್ತೇ ಇರಲಿಲ್ಲ. ಅಪೀಲು ಹಾಕಿದ್ದೂ ಗೊತ್ತಿರಲಿಲ್ಲ. "ನಿನ್ನ ವಕೀಲರು ಏನಂತಿದ್ರು? ಗೆಲ್ಲತಿದ್ವೇನು?"

"ಗೆಲ್ಲಬಹುದು ಅಂತಿದ್ರು." ಅಪ್ಪ ಎದ್ದು, ಗೂಟದಲ್ಲಿದ್ದ ಟೊಪ್ಪಿಗೆ ಹಾಕಿಕೊಂಡು, ಎಂದಿನಂತೆ ಅಂಗಡಿಗೆ ಹೊರಟುಹೋದ.

ಅವ್ವ ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಹಳೇದೆಲ್ಲ ಕೆದರಬ್ಯಾಡ," ಅಂದಳು. "ನಿನ್ನ ಜಪಾನಿ ಓದಿಗೆ ಯಾರು ಸೇರ್ಸಿದ್ರು ಮರತಿ ಏನು?"

ನಾನು ಮರೆತಿರಲಿಲ್ಲ. ಸಿಟ್ಟು ಬಂದದ್ದೇ ಅದಕ್ಕೆ. ಆ ಎರಡು ವಾರ ಲೋಕಲ್ ಟ್ರೇನಿನಲ್ಲಿ ಹೋಗುವಾಗ ಬರುವಾಗ ನನ್ನೊಳಗೆ ಅದೇ ಕುದಿಯುತ್ತಿತ್ತು. ನಾನು ಬಾಯಿ ತೆರೆದರೆ ಬರುವ ಒಂದೊಂದು ಜಪಾನಿ ಶಬ್ದವೂ ಆ ಸಹಿಯ ಬದಲಿಗೆ ಸಿಕ್ಕದ್ದು. ನನ್ನ ಅನ್ನ, ನನ್ನ ಓಡಾಟ, ನಾನು ಹೆಮ್ಮೆಪಡುತ್ತಿದ್ದ ನನ್ನ ಸ್ವಂತ ದುಡಿಮೆ, ಎಲ್ಲದರ ಬುಡದಲ್ಲಿ ಅಪ್ಪನ ಕೈಬರಹದ ಒಂದು ಸಹಿ ಇತ್ತು, ಅದನ್ನು ಹದಿನೈದು ವರ್ಷ ನನಗೆ ಯಾರೂ ಹೇಳಿರಲಿಲ್ಲ. ನಾನು ಕಾಲು ಮುಟ್ಟಿ ಕಣ್ಣು ತುಂಬಿಕೊಳ್ಳುತ್ತಿದ್ದಾಗ ಕಾಕಾ ತಲೆಯ ಮೇಲೆ ಕೈಯಿಡುತ್ತಿದ್ದನಲ್ಲ, ಅವನಿಗೆ ಏನೂ ಅನ್ನಿಸುತ್ತಿರಲಿಲ್ಲವೇ?

ಮೂರನೆಯ ವಾರದ ಕೊನೆಗೆ ಹಿರಿಯರ ಕೆಲಸ ಮುಗಿಯಿತು. ಸೋತ ಕಾರ್ಖಾನೆಯ ಮಷಿನುಗಳು ಓಡತೊಡಗಿದವು. ಅದೇ ಶೆಡ್ಡಿನಲ್ಲಿ ಬೀಳ್ಕೊಡುಗೆ ಇಟ್ಟರು. ಕೆಲಸಗಾರರೆಲ್ಲ ನಿಂತಿದ್ದರು. ಮ್ಯಾನೇಜರು ಮೈಕು ಹಿಡಿದು, ಗೆದ್ದವರು ಸೋತವರ ಕೈ ಹಿಡಿದು ಎತ್ತುವುದೇ ನಮ್ಮ ಸಂಸ್ಕೃತಿ ಅಂತ ಶುರುಮಾಡಿ ಇಪ್ಪತ್ತು ನಿಮಿಷ ಮಾತಾಡಿದರು. ಕೊನೆಗೆ, "ಇವರೂ ಅಮೆರಿಕದ ಉಪಕಾರದ ಬಗ್ಗೆ ಹೇಳಿದ್ದರು, ಇನ್ನೊಮ್ಮೆ ಎಲ್ಲರ ಮುಂದೆ ಹೇಳಲಿ," ಅಂದರು.

ಹಿರಿಯರು ಮೈಕು ತೆಗೆದುಕೊಂಡು ನನ್ನನ್ನು ನೋಡಿದರು. ಈ ಸಲ ಒಂದೊಂದೇ ವಾಕ್ಯ ಹೇಳಿ ನಿಲ್ಲಿಸಿದರು. ಹೇಳುವುದು, ನಿಲ್ಲಿಸುವುದು, ನಾನು ಹೇಳುವ ತನಕ ಕಾಯುವುದು. ನಾನು ಇಂಗ್ಲಿಷಿಗೆ ಹೋಗಲಿಲ್ಲ, ಹಿಂದಿಗೂ ಹೋಗಲಿಲ್ಲ, ನಿಂತವರಿಗೆಲ್ಲ ತಿಳಿಯಲಿ ಅಂತ ಮರಾಠಿಯಲ್ಲೇ ಹೇಳಿದೆ. ಬೆಂಕಿ, ಸೇತುವೆ, ಅಕ್ಕನ ಕೈ, ಕಮಟು ಹಾಲು, ಕಿತ್ತುಕೊಂಡ ಆಯುಧ, ಅವರು ಬರೆದ ಕಾನೂನು, ಒಂದನ್ನೂ ಬಿಡಲಿಲ್ಲ. ಕೊಟ್ಟವರು ಎದುರಿಗೆ ಕೂತು ರುಚಿ ಕೇಳಬಾರದು ಅನ್ನುವ ಮಾತನ್ನು ಹೇಳುವಾಗ ನನ್ನ ದನಿ ಅವರ ದನಿಗಿಂತ ಜೋರಾಯಿತು. ಅದು ತಪ್ಪು. ದುಭಾಷಿಯ ಸಿಟ್ಟು ಅಲ್ಲಿ ಬರಬಾರದಿತ್ತು. ಬಂತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಹಳೆಯ ಕೆಲಸಗಾರ, ತಲೆ ಪೂರ್ತಿ ಬೆಳ್ಳಗಾದವನು, ಕೈ ಎತ್ತಿದ. "ಇವರನ್ನ ಒಂದು ಕೇಳಿ ತಾಯಿ. ಅಷ್ಟೆಲ್ಲ ಆದ ಮೇಲೆ ಇವರ ದೇಶದ ಕಾರ್ಖಾನೆಗಳ ಹೆಸರು ಏನಾಯಿತು? ಇವರದ್ದೇ ಉಳಿಯಿತಾ?"

ಹಿರಿಯರು ಪ್ರಶ್ನೆ ಕೇಳಿ ತಲೆ ಬಗ್ಗಿಸಿದರು. "ಉಳಿಯಿತು," ಅಂದರು. "ಎಷ್ಟೋ ಅವಮಾನ ಆಯಿತು, ಆದರೆ ಮನೆ ನಮ್ಮದೇ, ಬಾಗಿಲ ಮೇಲಿನ ಹೆಸರೂ ನಮ್ಮದೇ ಆಗಿ ಉಳಿಯಿತು. ಅದು ಇಲ್ಲದಿದ್ದರೆ ನಾನು ಆ ಹಾಲಿನ ಬಗ್ಗೆ ಇಷ್ಟಾದರೂ ಸಮಾಧಾನದಿಂದ ಮಾತಾಡುತ್ತಿರಲಿಲ್ಲ."

ಆ ಕೆಲಸಗಾರ ತನ್ನ ಹೊಸ ಅಂಗಿಯ ಜೇಬಿನ ಮೇಲೆ ಹೊಲಿದಿದ್ದ ದೊಡ್ಡ ಕಾರ್ಖಾನೆಯ ಹೆಸರು ನೋಡಿಕೊಂಡ. ಮ್ಯಾನೇಜರು ಬಂದು ಮೈಕು ಇಸಿದುಕೊಂಡರು. ಸಂಜೆ ನನಗೆ, "ನಿಮ್ಮ ಮರಾಠಿ ಬಹಳ ಚೆನ್ನಾಗಿದೆ ಮ್ಯಾಡಮ್," ಅಂದರು. ಆ ಕಾರ್ಖಾನೆಯಿಂದ ನನಗೆ ಮತ್ತೆ ಕರೆ ಬರಲಿಲ್ಲ. ಹಿರಿಯರು ಹೋಗುವಾಗ ಕಾರಿನ ಬಾಗಿಲಲ್ಲಿ ನಿಂತು ನನಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ನಾನೂ ಮಾಡಿದೆ. ಆಮೇಲೆ ಅವರು ಏನಾದರೋ ಗೊತ್ತಿಲ್ಲ.

ಮರುದಿನ ನನಗೆ ಕೆಲಸ ಇರಲಿಲ್ಲ. ನೇರ ಅಂಗಡಿಗೆ ಹೋದೆ. ಪುಣೆಯ ಹಳೆಯ ಅಂಗಡಿಗಳ ಪದ್ಧತಿ, ಮಧ್ಯಾಹ್ನ ಒಂದರಿಂದ ನಾಲ್ಕು ಮುಚ್ಚಿರುತ್ತವೆ. ಷಟರ್ ಅರ್ಧ ಇಳಿದಿತ್ತು, ಬಗ್ಗಿ ಒಳಗೆ ಹೋದೆ. ಕಾಕಾ ಗಾದಿಯ ಮೇಲೆ ಡಬ್ಬಿ ಬಿಚ್ಚಿಕೊಂಡು ಊಟ ಮಾಡುತ್ತಿದ್ದ. ಅಪ್ಪ ಊಟ ಮುಗಿಸಿ ಸೀರೆಯ ಗಂಟಿಗೆ ತಲೆಕೊಟ್ಟು ಮಲಗಿದ್ದ.

"ಬಾ ತಂಗಿ, ರೊಟ್ಟಿ ತಿನ್ನು," ಅಂದ ಕಾಕಾ.

"ಬ್ಯಾಡ್ರಿ. ಒಂದು ಮಾತು ಕೇಳಬೇಕಾಗಿತ್ತು. ಕೋರ್ಟಿನಾಗ ಗೆದ್ದ ಮ್ಯಾಲೆ ಅಪ್ಪನ್ನ ಯಾಕ ಕರದ್ರಿ?"

"ಯಾಕ ಅಂದ್ರ? ಅಂವ ನನಗ ಅಣ್ಣ ಅಲ್ಲೇನು?"

"ಹನ್ನೊಂದು ವರ್ಷ ಕೇಸು ನಡಿಸುವಾಗ ಅಣ್ಣ ಇರಲಿಲ್ಲೇನ್ರಿ? ವಕೀಲರ ಕೈಯಾಗ ಕಾಗದ ಕಳಸುವಾಗ ಅಣ್ಣ ಇರಲಿಲ್ಲೇನ್ರಿ?"

ಕಾಕಾನ ಕೈ ನಿಂತಿತು. ಅಪ್ಪನ ಕಡೆ ನೋಡಿದ. ಅಪ್ಪ ಕಣ್ಣು ತೆರೆದಿದ್ದ, ಏಳಲಿಲ್ಲ.

ಕಾಕಾ ರೊಟ್ಟಿ ಕೆಳಗಿಟ್ಟ. "ಕೇಳಬೇಕು ಅಂತೀಯಲ್ಲ, ಕೇಳು. ಗೆದ್ದ ಮರುದಿನ ಅಂಗಡಿ ತಗದೆ. ಗಿರಾಕಿ ಬರೋರು, ಒಳಗ ಇಣುಕಿ 'ಅಣ್ಣಾ ಎಲ್ಲಿ?' ಅನ್ನೋರು, ಇಲ್ಲ ಅಂದ್ರ ಹಂಗ ಹೊಳ್ಳಿ ಹೋಗೋರು. ನೇಕಾರ ಮಂದಿ ಮಾಲು ಕಳಸೂದು ಬಂದ್ ಮಾಡಿದ್ರು. ನಿಮ್ಮ ಅಣ್ಣಾರು ಹೇಳಲಿ, ಕಳಸ್ತೀವಿ ಅಂದ್ರು. ನಾಕೈದು ತಿಂಗಳು ಒಬ್ಬನ ಕುಂತೆ. ಏನು ಗೆದ್ದಿದ್ದೆ ನಾನು? ನಾಕು ಗ್ವಾಡಿ ಗೆದ್ದಿದ್ದೆ."

"ಅಂದ್ರ ಗಿರಾಕಿ ಸಲುವಾಗಿ ಕರದ್ರಿ."

"ಹೌದು, ಗಿರಾಕಿ ಸಲುವಾಗಿ. ಸುಳ್ಳ್ಯಾಕ ಹೇಳಲಿ? ಆದ್ರ ಅಷ್ಟ ಅಂತ ತಿಳೀಬ್ಯಾಡ. ಹೋಳಿ ಹುಣ್ಣಿವಿಗೆ ಮನ್ಯಾಗ ಹೋಳಿಗಿ ಮಾಡಿದ್ರು. ತುತ್ತು ಗಂಟಲದಾಗ ಇಳೀಲಿಲ್ಲ. ವೈನಿ, ನಿಮ್ಮವ್ವ, ಇವತ್ತು ಒಲಿ ಹಚ್ಚ್ಯಾಳೋ ಇಲ್ಲೋ ಅಂತ ಅದ ತಲ್ಯಾಗ. ಅದೂ ಖರೆ ಅದ, ಇದೂ ಖರೆ ಅದ."

"ಹಂಗಿದ್ರ ಸಹಿ ಯಾಕ ಮಾಡಿಸ್ಕೊಂಡ್ರಿ? ಸಹಿ ಇಲ್ಲದ ಜ್ವಾಳದ ಚೀಲ ಕಳಸಬಹುದಿತ್ತಲ್ರಿ?"

"ಹೆದರಿಕಿ," ಅಂದ ಕಾಕಾ. ಇಷ್ಟು ನೇರವಾಗಿ ಹೇಳಿಯಾನು ಅಂತ ನಾನು ಎಣಿಸಿರಲಿಲ್ಲ. "ಅಂವ ಗಟ್ಟ್ಯಾಗಿ ಎದ್ದು ನಿಂತ್ರ ಮತ್ತ ಕೋರ್ಟಿಗೆ ಹೋಗ್ತಿದ್ದ. ಎಬ್ಬಿಸಿ ನಿಲ್ಲಸಬೇಕಾಗಿತ್ತು, ಆದ್ರ ಅವನ ಕೈಯಾಗ ಬಡಿಗಿ ಇರಬಾರದಾಗಿತ್ತು. ಮತ್ತ ಏನು ಮಾಡಬೇಕಿತ್ತು ನಾನು?"

"ಈಗ ಮಾಡ್ರಿ," ಅಂದೆ. "ಈಗಂತೂ ಹೆದರಿಕಿ ಇಲ್ಲಲ್ರಿ. ಬೋರ್ಡಿನ ಮ್ಯಾಲೆ ನಿಮ್ಮ ಹೆಸರಿನ ಜೋಡಿ ಅಪ್ಪನ ಹೆಸರೂ ಬರಸ್ರಿ. ಅಂಗಡ್ಯಾಗ ಅವನ ಪಾಲು ಅದ ಅಂತ ಕಾಗದ ಮಾಡಿ ಕೊಡ್ರಿ."

ಕಾಕಾ ಊಟದ ಡಬ್ಬಿ ಮುಚ್ಚಿದ. ಹೊರಗೆ ಓಣಿಯಲ್ಲಿ ಕೈಗಾಡಿಯವನೊಬ್ಬ ದಾರಿ ಬಿಡಿ ಅಂತ ಕೂಗುತ್ತ ಹೋದ. "ಅದೊಂದು ಬಿಟ್ಟು ಏನಾರ ಕೇಳು," ಅಂದ ಕೊನೆಗೆ. "ನಿನ್ನ ಮದವಿ ನಾ ಮಾಡ್ತೀನಿ. ನಿಮ್ಮಪ್ಪನ್ನ ಕಡೀತನಾ ನಾ ನೋಡ್ಕೋತೀನಿ. ಕೊಡೂದು ಬ್ಯಾರೆ, ಪಾಲು ಬ್ಯಾರೆ."

ಆಗ ನಾನು ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ನೆನಪಿದ್ದಷ್ಟನ್ನೂ ಇಲ್ಲಿ ಬರೆಯಲಾರೆ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗಣಪತಿ ತೋರಿಸಿದವನಿಗೆ, ನೀವು ಮಾಡಿದ್ದು ಉಪಕಾರ ಅಲ್ಲ, ಕಾವಲು ಅಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ನಿಲ್ಲಿಸಿದವನು ಅಪ್ಪ.

ಅಪ್ಪ ಎದ್ದು ಕೂತಿದ್ದ. "ಸಾಕು ಮಾಡು," ಅಂದ. ನನ್ನ ಮೇಲೆ ಅಪ್ಪ ದನಿ ಏರಿಸಿದ್ದು ಅದೊಂದೇ ಸಲ. "ಸಹಿ ಮಾಡಿದಾಂವ ನಾನು. ನನ್ನ ಕೈ ಹಿಡದು ಯಾರೂ ಮಾಡಿಸಲಿಲ್ಲ. ಹನ್ನೊಂದು ವರ್ಷ ವಕೀಲರ ಬಾಗಲಾ ಕಾದು ನನಗ ಸಾಕಾಗಿತ್ತು. ಇನ್ನೂ ಹತ್ತು ವರ್ಷ ಕಾದು ಗೆದ್ದು, ಯಾವ ವಯಸ್ಸಿನಾಗ ಸೀರಿ ಮಾರ್ಲಿ? ನನಗ ಗಿರಾಕಿ ಮುಂದ ಕುಂದ್ರಬೇಕಿತ್ತು. ಕುಂತೆ. ನನ್ನ ಸೋಲು ನಂದು. ನೀ ಅದನ್ನ ಕಸಗೊಂಡು ನಿಂದು ಮಾಡ್ಕೊಂಡು ಬಡದಾಡಬ್ಯಾಡ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಆ ಕ್ಲಾಸಿಗೆ ಹೋಗ್ತಿದ್ದೇನು?"

ನಾನು ಹೋಗುತ್ತಿರಲಿಲ್ಲ. ಅಪ್ಪನಿಗೆ ಅದು ಗೊತ್ತಿತ್ತು. ನನಗೆ ಈಗ ಕಾಕಾನಿಗಿಂತ ಹೆಚ್ಚು ಸಿಟ್ಟು ಅಪ್ಪನ ಮೇಲೆ ಬಂತು. ನನ್ನ ಪರವಾಗಿ ಮೂಗು ಮುಚ್ಚಿಕೊಂಡು, ನನಗೆ ವಾಸನೆ ಬಡಿಯದ ಹಾಗೆ ಕುಡಿಸಿದ್ದ. ಷಟರಿನಡಿ ಬಗ್ಗಿ ಹೊರಬಂದು, ನಡೆದುಕೊಂಡೇ ಮನೆಗೆ ಹೋದೆ. ದಾರಿಯುದ್ದಕ್ಕೂ ಬಿಸಿಲು.

ಅದಾದ ತಿಂಗಳೊಳಗೆ ಚಿಂಚವಾಡದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಬೇರೆ ಇರತೊಡಗಿದೆ. ಬೇರೆ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕಿತು. ಕಲಿತ ಭಾಷೆಯನ್ನು ವಾಪಸು ಕೊಡಲು ಬರುವುದಿಲ್ಲವಲ್ಲ. ವಾಪಸು ಕೊಡಲು ಬರುವಂಥದ್ದು ಎರಡು ವರ್ಷದ ಮೇಲೆ ಬಂತು. ನನ್ನ ಮದುವೆ ಗೊತ್ತಾಯಿತು, ನೋಂದಣಿ ಕಚೇರಿಯಲ್ಲಿ ಸಣ್ಣದಾಗಿ ಮಾಡಿಕೊಳ್ಳುವುದೆಂದು ನಾವಿಬ್ಬರೇ ನಿರ್ಧರಿಸಿದ್ದೆವು. ಕಾಕಾ ಒಂದು ಸೀರೆ ಕಳಿಸಿದ. ಇಳಕಲ್ಲಿನಲ್ಲಿ ಹೇಳಿ ನೇಯಿಸಿದ್ದು, ದಾಳಿಂಬೆ ಬಣ್ಣದ ಮೈ, ಕೆಂಪು ಟೋಪ್ ತೆನೆ ಸೆರಗು, ಜೋಳದ ತೆನೆಯಂಥ ಬಿಳಿ ಚಿತ್ತಾರದ್ದು. ಅಂಥ ಸೀರೆ ನಾನು ಆ ಅಂಗಡಿಯಲ್ಲೂ ಕಂಡಿರಲಿಲ್ಲ. ತಂದವನು ಅಪ್ಪ.

"ವಾಪಸ್ ಒಯ್ಯು," ಅಂದೆ.

ಅವ್ವ ಬೈದಳು, ಅತ್ತಳು, ಒಂಬತ್ತು ದಿನ ನನ್ನ ಫೋನು ಎತ್ತಲಿಲ್ಲ. ಅಪ್ಪ ಸೀರೆಯನ್ನು ಮಡಿಕೆ ಕೆಡದಂತೆ ಮತ್ತೆ ಕಾಗದದಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು ಲೋಕಲ್ ಟ್ರೇನು ಹತ್ತಿದ. ಸಂಜೆ ಅವನೇ ಫೋನು ಮಾಡಿದ. ಸಾತಾರದ ಕಡೆಯವರು ಮದುವೆ ಜವಳಿಗೆ ಬಂದಿದ್ದರಂತೆ, ಅಂಗಡಿಯಲ್ಲಿ ಏನು ತೋರಿಸಿದರೂ ಆ ಹುಡುಗಿ ತಲೆ ಅಲ್ಲಾಡಿಸಿದಳಂತೆ, ಕೊನೆಗೆ ಅಪ್ಪ ಇದನ್ನು ಬಿಚ್ಚಿದನಂತೆ.

"ಸೆರಗು ನೋಡಿದ್ಲು ನೋಡು, ಬಿಡಲೇ ಇಲ್ಲ, ತಗೊಂಡ ಹೋದ್ಲು," ಅಂದ. ಅವನ ದನಿಯಲ್ಲಿ ಖುಷಿ ಇತ್ತು. "ಎಣ್ಣಿಗಪ್ಪು ಹುಡಿಗಿ, ಭಾಳ ಒಪ್ಪತಿತ್ತು ಆಕಿಗೆ."

"ಕಾಕಾ ಏನಂದ?"

"ಏನಂತಾನ? ಗಿರಾಕಿ ಮುಂದ ಏನೂ ಅನ್ನಲಿಲ್ಲ."

ಅಪ್ಪ ಇವತ್ತಿಗೂ ದಿನಾ ಹೋಗುತ್ತಾನೆ. ನಾನು ಆ ಓಣಿಗೆ ಕಾಲಿಟ್ಟಿಲ್ಲ. ದೀಪಾವಳಿಗೆ ಕಾಕಾ ನನ್ನನ್ನು ಕೇಳುತ್ತಾನಂತೆ, ಚೆನ್ನಾಗಿದ್ದಾಳೆ ಅಂತ ಅಪ್ಪ ಹೇಳುತ್ತಾನಂತೆ.